ಮೇಜರ್ ಮಾರ್ಗರೆಟ್ ಹೂಲಿಹನ್: ಒಂದು ಕಲ್ಪಿತ ದಾದಿಯ ಪಾತ್ರ ಮತ್ತು ಇತಿಹಾಸದ ಸಾಕ್ಷ್ಯ

1. ವಿಷಯ ಪ್ರವೇಶ

ಕಲ್ಪಿತ ಪಾತ್ರವೊಂದು ಇತಿಹಾಸಕಾರನ ಪರಿಶೀಲನೆಗೆ ಅರ್ಹವೆ ಎಂಬ ಸಂದೇಹವು ಈ ಪ್ರಬಂಧದ ಶೀರ್ಷಿಕೆಯನ್ನು ಕಂಡೊಡನೆಯೇ ವಾಚಕರಲ್ಲಿ ಮೂಡುವುದು ಸಹಜ. ಶಾಸನ, ಕಡತ, ದಿನಚರಿ, ಪತ್ರವ್ಯವಹಾರ ಮೊದಲಾದವನ್ನು ನಮ್ಮ ಶಾಸ್ತ್ರವು ಆಕರಗಳೆಂದು ಅಂಗೀಕರಿಸಿದೆ. ಕಥೆಯನ್ನು ಆಕರವಾಗಿ ಎತ್ತಿಕೊಳ್ಳುವಾಗ ಮಾತ್ರ ನಾವು ಹಿಂದೆಮುಂದೆ ನೋಡುತ್ತೇವೆ. ಆದರೆ ಈ ಕೆಲಸ ನಮಗೆ ಹೊಸದೇನೂ ಅಲ್ಲ. ಪಂಪನ ‘ವಿಕ್ರಮಾರ್ಜುನ ವಿಜಯ’ವನ್ನು ಆಧರಿಸಿ ಹಸ್ತಿನಾವತಿಯ ಚರಿತ್ರೆಯನ್ನು ಬರೆಯಲು ಯಾರೂ ಹೊರಡುವುದಿಲ್ಲ. ಅರ್ಜುನನಲ್ಲಿ ಅರಿಕೇಸರಿಯನ್ನು ಕಂಡ ಆ ಕಾವ್ಯದಿಂದ ನಾವು ತಿಳಿಯುವುದು ಹತ್ತನೆಯ ಶತಮಾನದ ವೇಮುಲವಾಡದ ಆಸ್ಥಾನವನ್ನು, ಆ ಕಾಲದವರು ವೀರ ತ್ಯಾಗಗಳೆಂದು ಯಾವುದನ್ನು ಬಗೆದಿದ್ದರು ಎಂಬುದನ್ನು. ಕೃತಿಯು ತಾನು ವರ್ಣಿಸುವ ಕಾಲಕ್ಕಿಂತ ತಾನು ರಚಿತವಾದ ಕಾಲಕ್ಕೆ ಹೆಚ್ಚು ನಂಬತಕ್ಕ ಸಾಕ್ಷಿ ಎಂಬುದೇ ಇಲ್ಲಿರುವ ನ್ಯಾಯ.

ಈ ನ್ಯಾಯವನ್ನು ದೂರದರ್ಶನದ ಧಾರಾವಾಹಿಗೂ ಅನ್ವಯಿಸಬಹುದೆಂದು ನಾವು ಭಾವಿಸುತ್ತೇವೆ. ಅಮೆರಿಕದಲ್ಲಿ 1972ರ ಸೆಪ್ಟೆಂಬರ್ 17ರಿಂದ 1983ರ ಫೆಬ್ರವರಿ 28ರವರೆಗೆ ಪ್ರಸಾರವಾದ ‘ಮ್ಯಾಶ್’ ಎಂಬ ಧಾರಾವಾಹಿಯಲ್ಲಿ ಬರುವ ಮುಖ್ಯ ದಾದಿ ಮೇಜರ್ ಮಾರ್ಗರೆಟ್ ಹೂಲಿಹನ್ ಎಂಬ ಪಾತ್ರವನ್ನು ಪ್ರಕೃತ ಪ್ರಬಂಧದಲ್ಲಿ ಪರಿಶೀಲಿಸಲಾಗಿದೆ. ಈ ಪಾತ್ರಕ್ಕೆ ಮೂರು ಹೆಸರುಗಳುಂಟು. ‘ಮೇಜರ್’ ಎಂಬುದು ಸೈನ್ಯವು ಕೊಟ್ಟ ಪದವಿ. ‘ಹಾಟ್ ಲಿಪ್ಸ್’ ಎಂಬುದು ಆಕೆಯ ತುಟಿಗಳನ್ನು ಹಿಡಿದು ಪುರುಷರು ಹಾಸ್ಯಕ್ಕೆ ಇಟ್ಟ ಅಡ್ಡಹೆಸರು. ‘ಮಾರ್ಗರೆಟ್’ ಎಂಬುದು ಆಕೆಯ ಸ್ವಂತ ಹೆಸರು. ಸುಮಾರು ಹದಿನೈದು ವರ್ಷಗಳ ಅವಧಿಯಲ್ಲಿ ಈ ಮೂರು ಹೆಸರುಗಳಲ್ಲಿ ಯಾವುದು ಮುಂದೆ ಬಂದಿತು, ಯಾವುದು ಹಿಂದೆ ಸರಿಯಿತು ಎಂಬುದನ್ನು ಗಮನಿಸಿದರೆ, ಅಧಿಕಾರವುಳ್ಳ ದುಡಿಯುವ ಸ್ತ್ರೀಯನ್ನು ಆ ಸಮಾಜವು ಹೇಗೆ ಕಂಡಿತೆಂಬುದು ವಿಶದವಾಗುತ್ತದೆ.

2. ದಾಖಲೆಯಲ್ಲಿ ಕಾಣುವ ದಾದಿಯರು

ಪಾತ್ರವನ್ನು ಅರಿಯುವ ಮೊದಲು ಆಕೆ ಪ್ರತಿನಿಧಿಸುವ ವರ್ಗದ ನಿಜವಾದ ಚರಿತ್ರೆಯನ್ನು ಸಂಕ್ಷೇಪವಾಗಿ ನೋಡಬೇಕು. ಅಮೆರಿಕದ ಸೈನ್ಯದಲ್ಲಿ ದಾದಿಯರ ದಳವು 1901ರ ಫೆಬ್ರವರಿ 2ರಂದು ಸ್ಥಾಪಿತವಾಯಿತು. ಇವರು ಸೈನ್ಯದವರೇ ಆದರೂ ಇವರಿಗೆ ಅಧಿಕಾರಿಗಳ ಪದವಿಯಿರಲಿಲ್ಲ. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ, 1920ರಲ್ಲಿ, ‘ಸಾಪೇಕ್ಷ ಪದವಿ’ ಎಂಬ ವಿಚಿತ್ರ ಸ್ಥಾನವನ್ನು ಕೊಟ್ಟರು. ಇದರ ಪ್ರಕಾರ ದಾದಿಯು ಅಧಿಕಾರಿಯ ಲಾಂಛನವನ್ನು ಧರಿಸಬಹುದಾಗಿತ್ತು. ಅದೇ ಲಾಂಛನವನ್ನು ಧರಿಸಿದ ಪುರುಷನಿಗೆ ಸಲ್ಲುತ್ತಿದ್ದ ವೇತನವಾಗಲಿ ಪೂರ್ಣ ಅಧಿಕಾರವಾಗಲಿ ಆಕೆಗೆ ಸಲ್ಲುತ್ತಿರಲಿಲ್ಲ. ಎರಡನೆಯ ಮಹಾಯುದ್ಧದ ನಡುವೆ, 1944ರಲ್ಲಿ, ಯುದ್ಧಕಾಲದ ಮಟ್ಟಿಗೆ ತಾತ್ಕಾಲಿಕವಾದ ಅಧಿಕಾರಪತ್ರಗಳು ದೊರೆತವು. ಖಾಯಂ ಅಧಿಕಾರಪತ್ರ ದೊರೆತದ್ದು 1947ರ ಏಪ್ರಿಲ್ 16ರ ಶಾಸನದಿಂದ. ಅದೇ ವರ್ಷ ದಾದಿಯರ ದಳದ ಮುಖ್ಯಸ್ಥೆ ಫ್ಲಾರೆನ್ಸ್ ಬ್ಲ್ಯಾಂಚ್‌ಫೀಲ್ಡ್ ಅವರು ಅಮೆರಿಕದ ಖಾಯಂ ಸೈನ್ಯದಲ್ಲಿ ಅಧಿಕಾರಪತ್ರ ಪಡೆದ ಮೊತ್ತಮೊದಲ ಸ್ತ್ರೀಯಾದರು. ದಳವು ಸ್ಥಾಪಿತವಾದಂದಿನಿಂದ ಈ ಮನ್ನಣೆಗೆ 46 ವರ್ಷಗಳು ಹಿಡಿದವು. ಈ ಅಂಕಿಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ.

ಇದಾದ ಮೂರು ವರ್ಷಗಳಿಗೆ, 1950ರ ಜೂನ್ 25ರಂದು, ಕೊರಿಯ ಯುದ್ಧ ಆರಂಭವಾಯಿತು. ಜುಲೈ 5ರಂದೇ 57 ಮಂದಿ ದಾದಿಯರು ಪೂಸಾನ್ ಬಂದರಿಗೆ ಬಂದಿಳಿದು ಆಸ್ಪತ್ರೆಯನ್ನು ಸಜ್ಜುಗೊಳಿಸಿದರು. ಜುಲೈ 8ರಂದು ಅವರಲ್ಲಿ ಹನ್ನೆರಡು ಮಂದಿ ಸಂಚಾರಿ ಸೇನಾ ಶಸ್ತ್ರಚಿಕಿತ್ಸಾಲಯವೊಂದರ ಜೊತೆಗೆ ರಣರಂಗದ ಕಡೆಗೆ, ಟೇಜಾನ್ ನಗರಕ್ಕೆ, ಮುಂದುವರಿದರು. ‘ಮ್ಯಾಶ್’ ಎಂಬುದು ಈ ಬಗೆಯ ಆಸ್ಪತ್ರೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದಾದ ಶಬ್ದ. ಡೇರೆಗಳಲ್ಲಿ ನಡೆಯುತ್ತಿದ್ದ ಈ ಆಸ್ಪತ್ರೆಗಳು ಮೂಲತಃ 60 ಹಾಸಿಗೆಗಳವು. ಯುದ್ಧವು ಹಿಂದುಮುಂದಾದಂತೆ ಇವು ಡೇರೆಗಳನ್ನು ಕಿತ್ತು ಬೇರೆಡೆ ಹೂಡಬೇಕಾಗುತ್ತಿತ್ತು. ಗಾಯಾಳುಗಳನ್ನು ಹೆಲಿಕಾಪ್ಟರ್‌ಗಳಲ್ಲಿ ತರುವ ಪದ್ಧತಿ ದೊಡ್ಡ ಪ್ರಮಾಣದಲ್ಲಿ ಬಳಕೆಗೆ ಬಂದದ್ದು ಈ ಯುದ್ಧದಲ್ಲಿಯೇ. ಎರಡನೆಯ ಮಹಾಯುದ್ಧದಲ್ಲಿ ಆಸ್ಪತ್ರೆಗೆ ಮುಟ್ಟಿದ ಗಾಯಾಳುಗಳ ಪೈಕಿ ನೂರಕ್ಕೆ ಸುಮಾರು 4.5ರಷ್ಟು ಮಂದಿ ಸಾಯುತ್ತಿದ್ದರು. ಕೊರಿಯದಲ್ಲಿ ಆ ಪ್ರಮಾಣ ನೂರಕ್ಕೆ ಸುಮಾರು 2.5ಕ್ಕೆ ಇಳಿಯಿತು. ಶಸ್ತ್ರವೈದ್ಯರ ಕೌಶಲ, ರಕ್ತದ ಪೂರೈಕೆ, ಬೇಗನೆ ಸಾಗಿಸುವ ವ್ಯವಸ್ಥೆ ಇವು ಇದಕ್ಕೆ ಕಾರಣವೆಂದು ಹೇಳುವ ವಾಡಿಕೆಯಿದೆ. ಶಸ್ತ್ರಕ್ರಿಯೆ ಮುಗಿದ ಮೇಲೆ ಗಾಯಾಳುವಿನ ಪಕ್ಕದಲ್ಲಿ ರಾತ್ರಿಯಿಡೀ ನಿಂತವರು ದಾದಿಯರೆಂಬುದನ್ನೂ ಈ ಪಟ್ಟಿಗೆ ಸೇರಿಸುವುದು ನ್ಯಾಯ.

ಪದವಿ ದೊರೆತರೂ ಅದು ಭದ್ರವಾಗಿತ್ತೆಂದು ತಿಳಿಯಬಾರದು. ಯುದ್ಧದ ನಡುವೆಯೇ, 1951ರ ಏಪ್ರಿಲ್‌ನಲ್ಲಿ, ಅಧ್ಯಕ್ಷ ಟ್ರೂಮನ್ ಅವರು ಹೊರಡಿಸಿದ ಆಜ್ಞೆಯೊಂದು, ಗರ್ಭಿಣಿಯಾದ ಅಥವಾ ಅಪ್ರಾಪ್ತ ವಯಸ್ಸಿನ ಮಕ್ಕಳ ತಾಯಿಯಾದ ಸ್ತ್ರೀಯನ್ನು ಸೈನ್ಯದಿಂದ ಬಿಡುಗಡೆ ಮಾಡಲು ಅವಕಾಶ ಕೊಟ್ಟಿತು. ತಂದೆಯಾದ ಪುರುಷನಿಗೆ ಇಂಥ ನಿಯಮವಿರಲಿಲ್ಲ.

3. ಕಾದಂಬರಿ ಮತ್ತು ಚಲನಚಿತ್ರ

ಹೂಲಿಹನ್ ಪಾತ್ರ ಮೊದಲು ಕಾಣಿಸಿಕೊಂಡದ್ದು 1968ರಲ್ಲಿ ಪ್ರಕಟವಾದ ‘ಮ್ಯಾಶ್’ ಕಾದಂಬರಿಯಲ್ಲಿ. ರಿಚರ್ಡ್ ಹೂಕರ್ ಎಂಬ ಅಂಕಿತದಲ್ಲಿ ಅದನ್ನು ಬರೆದ ಎಚ್. ರಿಚರ್ಡ್ ಹಾರ್ನ್‌ಬರ್ಗರ್ ಅವರು ಕೊರಿಯದ ಅಂಥದೊಂದು ಆಸ್ಪತ್ರೆಯಲ್ಲಿ ಸ್ವತಃ ಶಸ್ತ್ರವೈದ್ಯರಾಗಿದ್ದವರು. ಬರವಣಿಗೆಯಲ್ಲಿ ಪತ್ರಕರ್ತ ಡಬ್ಲ್ಯು. ಸಿ. ಹೈನ್ಸ್ ಅವರ ನೆರವಿತ್ತು. ಕಾದಂಬರಿಯ ದೃಷ್ಟಿ ಮೂವರು ವೈದ್ಯರ ದೃಷ್ಟಿ. ಅವರು ಕೆಲಸದಲ್ಲಿ ಅಸಮಾನರು, ಶಿಸ್ತಿಗೆ ಮಾತ್ರ ಬದ್ಧ ವೈರಿಗಳು. ಇಂಥವರ ಕಣ್ಣಿಗೆ ಶಿಸ್ತನ್ನು ಪಾಲಿಸಲು ಹೇಳುವ ಸ್ತ್ರೀ ಹಾಸ್ಯಕ್ಕೆ ವಸ್ತುವಾದುದರಲ್ಲಿ ಆಶ್ಚರ್ಯವಿಲ್ಲ.

ರಾಬರ್ಟ್ ಆಲ್ಟ್‌ಮನ್ ಅವರ ನಿರ್ದೇಶನದ ಚಲನಚಿತ್ರ 1970ರ ಜನವರಿಯಲ್ಲಿ ತೆರೆಕಂಡಿತು. ಸ್ಯಾಲಿ ಕೆಲರ್‌ಮನ್ ಅವರು ಹೂಲಿಹನ್ ಪಾತ್ರವನ್ನು ವಹಿಸಿದರು. ಅದಕ್ಕಾಗಿ ಅವರ ಹೆಸರು ಆಸ್ಕರ್ ಪ್ರಶಸ್ತಿಗೆ ಸೂಚಿತವಾಯಿತು. ನಮ್ಮ ಉದ್ದೇಶಕ್ಕೆ ಈ ಚಿತ್ರದ ಎರಡು ಪ್ರಸಂಗಗಳು ಮುಖ್ಯ. ಮೊದಲನೆಯದರಲ್ಲಿ, ಮೇಜರ್ ಬರ್ನ್ಸ್ ಎಂಬ ವೈದ್ಯನೊಡನೆ ಆಕೆ ಏಕಾಂತದಲ್ಲಿರುವಾಗ ಆಡಿದ ಮಾತುಗಳನ್ನು ಉಳಿದವರು ಗುಟ್ಟಾಗಿ ಧ್ವನಿವರ್ಧಕದ ಮೂಲಕ ಶಿಬಿರಕ್ಕೆಲ್ಲ ಕೇಳಿಸುತ್ತಾರೆ. ಅಡ್ಡಹೆಸರು ಹುಟ್ಟುವುದು ಅಲ್ಲಿ. ಎರಡನೆಯದರಲ್ಲಿ, ಆಕೆ ಸ್ನಾನ ಮಾಡುತ್ತಿರುವ ಡೇರೆಯ ಪರದೆಯನ್ನು ಸಂಚು ಹೂಡಿ ಬೀಳಿಸಿ, ಎದುರಿಗೆ ಆಸನಗಳನ್ನು ಹಾಕಿಕೊಂಡು ಕುಳಿತು ನೋಡಿ ನಗುತ್ತಾರೆ. ಆಕೆ ಓಡಿಹೋಗಿ ಮೇಲಧಿಕಾರಿಯೊಡನೆ ದೂರಿಕೊಂಡು, ನ್ಯಾಯ ದೊರೆಯದಿದ್ದರೆ ತನ್ನ ಅಧಿಕಾರಪತ್ರವನ್ನೇ ತ್ಯಜಿಸುವೆನೆಂದು ಹೇಳುತ್ತಾಳೆ. ಮೇಲಧಿಕಾರಿಯಾದರೋ, ಹಾಗಿದ್ದರೆ ತ್ಯಜಿಸಿಬಿಡು ಎಂದುಬಿಡುತ್ತಾನೆ. ಪ್ರೇಕ್ಷಕರು ಇಲ್ಲಿ ನಗಬೇಕೆಂಬುದು ಚಿತ್ರದ ಅಪೇಕ್ಷೆ. ಆ ಕಾಲದ ಪ್ರೇಕ್ಷಕರು ನಕ್ಕರು ಕೂಡ.

ಆಕೆ ತ್ಯಜಿಸುವೆನೆಂದು ಹೇಳಿದ ವಸ್ತು ಯಾವುದು? ದಾದಿಯರು 46 ವರ್ಷ ಕಾದು ಪಡೆದ ಅದೇ ಅಧಿಕಾರಪತ್ರ. ಕಥೆಯ ಕಾಲದಲ್ಲಿ ಅದು ಕೈಗೆ ಬಂದು ನಾಲ್ಕಾರು ವರ್ಷ ಮಾತ್ರ ಆಗಿತ್ತು. ಚಿತ್ರದ ಹಾಸ್ಯಕ್ಕೆ ಈ ಚರಿತ್ರೆ ಗೊತ್ತಿರಲಿಲ್ಲ, ಅಥವಾ ಬೇಕಿರಲಿಲ್ಲ.

ಈಗ ದಾಖಲೆಯ ಕಡೆ ತಿರುಗೋಣ. ಚಿತ್ರವು ಜನವರಿಯಲ್ಲಿ ಬಿಡುಗಡೆಯಾಗಿ, ಮೇ ತಿಂಗಳಲ್ಲಿ ಕಾನ್ ಉತ್ಸವದ ಅತ್ಯುನ್ನತ ಪ್ರಶಸ್ತಿಯನ್ನು ಪಡೆಯಿತು. ಅದೇ 1970ರ ಜೂನ್ 11ರಂದು ದಾದಿಯರ ದಳದ ಮುಖ್ಯಸ್ಥೆ ಆನಾ ಮೇ ಹೇಯ್ಸ್ ಅವರು ಬ್ರಿಗೇಡಿಯರ್ ಜನರಲ್ ಪದವಿಗೆ ಏರಿ, ಅಮೆರಿಕದ ಸೈನ್ಯದ ಚರಿತ್ರೆಯಲ್ಲಿ ಆ ಪದವಿಯನ್ನು ಪಡೆದ ಮೊದಲ ಸ್ತ್ರೀಯಾದರು. ಈಕೆ 1943ರಲ್ಲಿ ನಮ್ಮ ದೇಶದ ಅಸ್ಸಾಮಿನ ಲೇಡೊ ಎಂಬಲ್ಲಿದ್ದ ಸೇನಾ ಆಸ್ಪತ್ರೆಯಲ್ಲಿ ಸೇವೆ ಸಲ್ಲಿಸಿದ್ದವರು. 1950ರಲ್ಲಿ ಕೊರಿಯದ ಇಂಚೋನ್‌ನಲ್ಲಿದ್ದವರು. ಗರ್ಭಿಣಿಯರಾದ ಸ್ತ್ರೀ ಅಧಿಕಾರಿಗಳನ್ನು ತಾನಾಗಿಯೇ ಬಿಡುಗಡೆ ಮಾಡುವ ಪದ್ಧತಿ ತಪ್ಪಬೇಕೆಂದು ಶಿಫಾರಸು ಮಾಡಿದವರಲ್ಲಿ ಈಕೆಯೂ ಒಬ್ಬರು. ಕೊರಿಯದಲ್ಲಿ ದುಡಿದ ನಿಜವಾದ ದಾದಿಯೊಬ್ಬರ ಹೆಗಲಿಗೆ ಜನರಲ್ ಪದವಿಯ ನಕ್ಷತ್ರ ಏರಿದ ವರ್ಷದಲ್ಲಿಯೇ ಕೊರಿಯದ ಕಲ್ಪಿತ ದಾದಿಯೊಬ್ಬಳ ಪದವಿ ಚಿತ್ರಮಂದಿರಗಳಲ್ಲಿ ನಗೆಗೆ ಈಡಾಗುತ್ತಿತ್ತು. ಚಿತ್ರವನ್ನು ಕಂಡ ಲಕ್ಷಾಂತರ ಮಂದಿಯಲ್ಲಿ ಹೇಯ್ಸ್ ಅವರ ಹೆಸರನ್ನು ಬಲ್ಲವರು ಎಷ್ಟು ಮಂದಿಯಿದ್ದಿರಬಹುದೆಂದು ನಾವೇ ಊಹಿಸಿಕೊಳ್ಳಬಹುದು.

4. ಧಾರಾವಾಹಿಯಲ್ಲಿ ಪಾತ್ರದ ಪರಿಣಾಮ

ಲ್ಯಾರಿ ಗೆಲ್ಬಾರ್ಟ್ ಅವರು ರೂಪಿಸಿದ ಧಾರಾವಾಹಿ 1972ರಲ್ಲಿ ಆರಂಭವಾದಾಗ ಚಿತ್ರದ ಹೂಲಿಹನ್ ಬಹುಮಟ್ಟಿಗೆ ಹಾಗೆಯೇ ಅಲ್ಲಿಗೆ ಬಂದಳು. ಲೊರೆಟ್ಟಾ ಸ್ವಿಟ್ ಅವರು ಆ ಪಾತ್ರವನ್ನು ವಹಿಸಿದರು. ಮೊದಲ ವರ್ಷಗಳ ಕಂತುಗಳಲ್ಲಿ ಆಕೆ ಫ್ರ್ಯಾಂಕ್ ಬರ್ನ್ಸ್ ಎಂಬ ಹೇಡಿ ಮೇಜರನ ಪ್ರೇಯಸಿ, ನಿಯಮಗಳ ಪಕ್ಷಪಾತಿ, ಇತರರ ಮೇಲೆ ದೂರು ಬರೆಯುವವಳು. ಧಾರಾವಾಹಿ ಇಲ್ಲಿಗೇ ನಿಂತಿದ್ದರೆ ನಾವು ಈ ಪ್ರಬಂಧವನ್ನು ಬರೆಯುವ ಅಗತ್ಯವಿರುತ್ತಿರಲಿಲ್ಲ.

ಬದಲಾವಣೆಯ ಮೊದಲ ಸುಳಿವು 1973ರಲ್ಲಿ ದೊರೆಯುತ್ತದೆ. ಆ ವರ್ಷ ಲಿಂಡಾ ಬ್ಲಡ್‌ವರ್ತ್ ಮತ್ತು ಮೇರಿ ಕೇ ಪ್ಲೇಸ್ ಎಂಬ ಇಬ್ಬರು ಲೇಖಕಿಯರು ಬರೆದ ಕಂತಿನಲ್ಲಿ, ಗೆಳತಿಯೊಬ್ಬಳ ಪತ್ರವನ್ನು ಓದಿದ ಮಾರ್ಗರೆಟ್ ತನ್ನ ಬದುಕು ಎತ್ತ ಸಾಗಿದೆಯೆಂದು ಮೊದಲ ಬಾರಿಗೆ ತನ್ನನ್ನೇ ಕೇಳಿಕೊಂಡು ವರ್ಗಾವಣೆಯನ್ನು ಬೇಡುತ್ತಾಳೆ. ಹಾಸ್ಯಪಾತ್ರಕ್ಕೆ ಅಂತರಂಗವೊಂದು ಇದೆಯೆಂದು ತೋರಿಸಿದ ಕಂತು ಇದು. 1976ರಲ್ಲಿ ಆಕೆಗೆ ಡೊನಾಲ್ಡ್ ಪೆನಾಬ್ಸ್‌ಕಾಟ್ ಎಂಬ ಲೆಫ್ಟಿನೆಂಟ್ ಕರ್ನಲನೊಡನೆ ವಿವಾಹ ನಿಶ್ಚಯವಾಗುತ್ತದೆ. 1977ರಲ್ಲಿ ವಿವಾಹ ನಡೆಯುತ್ತದೆ. ಅದೇ ವರ್ಷ ಬರ್ನ್ಸ್ ಪಾತ್ರಧಾರಿ ಲ್ಯಾರಿ ಲಿನ್‌ವಿಲ್ ಅವರು ಧಾರಾವಾಹಿಯನ್ನು ಬಿಟ್ಟುದರಿಂದ, ಆಕೆಯನ್ನು ಹಳೆಯ ನಗೆಗೆ ಕಟ್ಟಿಹಾಕಿದ್ದ ಗೂಟವೇ ಕಿತ್ತಂತಾಯಿತು. ವಿವಾಹ ಸುಖಕರವಾಗುವುದಿಲ್ಲ. 1979ರ ಒಂದು ಕಂತಿನಲ್ಲಿ ವಿಚ್ಛೇದನವು ಪೂರ್ಣಗೊಳ್ಳುತ್ತದೆ; ಆಗ ಆಕೆ ಕಣ್ಣೀರಿಡುತ್ತ ಕುಳಿತಿರದೆ, ಗಾಯಾಳುಗಳನ್ನು ಗಾಯದ ತೀವ್ರತೆಗೆ ಅನುಸಾರವಾಗಿ ವಿಂಗಡಿಸುವ ಕಾರ್ಯದಲ್ಲಿ ತನ್ನ ದಾದಿಯರಿಗೆ ತರಬೇತಿ ಕೊಡಲು ತೊಡಗುತ್ತಾಳೆ. ಯಾರನ್ನು ಮೊದಲು ಶಸ್ತ್ರಕ್ರಿಯೆಗೆ ಒಯ್ಯಬೇಕೆಂಬ ನಿರ್ಣಯ ವೈದ್ಯನದೇ ಎಂಬ ಭಾವನೆಗೆ ಇದು ಉತ್ತರ. ಗಮನಾರ್ಹವಾದ ಸಂಗತಿಯೆಂದರೆ, ಈ ಕಂತಿನ ಶೀರ್ಷಿಕೆಯಲ್ಲಿ ಇನ್ನೂ ಹಳೆಯ ಅಡ್ಡಹೆಸರೇ ಇದೆ. ಒಳಗಿನ ಕಥೆ ಹೊಸದಾಗಿದ್ದರೂ ಹೊರಗಿನ ಫಲಕ ಹಳೆಯದು. ಸಂಧಿಕಾಲದ ಆಕರಗಳಲ್ಲಿ ಇಂಥ ವಿಸಂಗತಿಗಳು ಕಾಣುವುದು ನಮ್ಮ ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ.

ಮುಂದಿನ ವರ್ಷಗಳಲ್ಲಿ ಅಡ್ಡಹೆಸರಿನ ಬಳಕೆ ತೀರ ವಿರಳವಾಗುತ್ತದೆ. ಸಹೋದ್ಯೋಗಿಗಳು ಆಕೆಯನ್ನು ಮಾರ್ಗರೆಟ್ ಎಂದೇ ಕರೆಯುತ್ತಾರೆ. ಸ್ವಿಟ್ ಅವರಿಗೆ 1980ರಲ್ಲಿಯೂ 1982ರಲ್ಲಿಯೂ ಎಮ್ಮಿ ಪ್ರಶಸ್ತಿ ದೊರೆಯಿತು. ಎರಡೂವರೆ ಗಂಟೆಯ ಕೊನೆಯ ಕಂತನ್ನು ಅಮೆರಿಕದಲ್ಲಿ ಸುಮಾರು 10 ಕೋಟಿ 60 ಲಕ್ಷ ಜನ ನೋಡಿದರೆಂದು ಲೆಕ್ಕ. ಸೈನ್ಯದಲ್ಲಿ ಕರ್ನಲನಾಗಿದ್ದ ತಂದೆಯ ಪ್ರಭಾವದಿಂದ ದೊರೆಯಬಹುದಾಗಿದ್ದ ಹೊರನಾಡಿನ ಹುದ್ದೆಗಳನ್ನು ಬಿಟ್ಟು, ಸ್ವದೇಶದ ಆಸ್ಪತ್ರೆಯೊಂದರಲ್ಲಿ ದುಡಿಯಲು ಮಾರ್ಗರೆಟ್ ತಾನೇ ನಿಶ್ಚಯಿಸುವುದರೊಡನೆ ಪಾತ್ರವು ಮುಕ್ತಾಯವಾಗುತ್ತದೆ. ಮೊದಲ ಕಂತಿನಲ್ಲಿಯೂ ಕೊನೆಯ ಕಂತಿನಲ್ಲಿಯೂ ಕಾಣಿಸಿಕೊಂಡವರು ನಾಯಕ ಪಾತ್ರಧಾರಿ ಆಲನ್ ಆಲ್ಡಾ ಅವರನ್ನು ಬಿಟ್ಟರೆ ಸ್ವಿಟ್ ಅವರೊಬ್ಬರೇ. ಅವರು 2025ರ ಮೇ 30ರಂದು ನಿಧನರಾದರು.

ಈ ಪರಿಣಾಮಕ್ಕೆ ಕಾರಣವೇನು? ಒಂದೇ ಕಾರಣವನ್ನು ಹೇಳುವುದು ಸಾಹಸವಾದೀತು. ಪಾತ್ರವು ಬೆಳೆಯಬೇಕೆಂದು ನಟಿ ಒತ್ತಾಯಿಸಿದ್ದು ಒಂದು. ಲೇಖಕಿಯರು ಬರವಣಿಗೆಯಲ್ಲಿ ಪಾಲುಗೊಂಡದ್ದು ಇನ್ನೊಂದು. ಇವೆರಡರ ಹಿಂದೆ ದೇಶದ ವಾತಾವರಣವಿತ್ತು. ಸ್ತ್ರೀಪುರುಷರ ಸಮಾನ ಹಕ್ಕಿನ ತಿದ್ದುಪಡಿಯನ್ನು ಅಮೆರಿಕದ ಕಾಂಗ್ರೆಸ್ ಅನುಮೋದಿಸಿದ್ದು 1972ರಲ್ಲಿ, ಧಾರಾವಾಹಿ ಆರಂಭವಾದ ವರ್ಷದಲ್ಲಿಯೇ. ಅದು ರಾಜ್ಯಗಳ ಸಾಕಷ್ಟು ಬೆಂಬಲವಿಲ್ಲದೆ 1982ರಲ್ಲಿ ಅವಧಿ ಮೀರಿ ಬಿದ್ದುಹೋಯಿತು. ಸಂವಿಧಾನದಲ್ಲಿ ಸೋತ ವಾದವು ಜನಪ್ರಿಯ ಕಥೆಯೊಂದರಲ್ಲಿ ಸ್ವಲ್ಪಮಟ್ಟಿಗೆ ಗೆದ್ದಿತೆಂದು ಹೇಳಿದರೆ ತಪ್ಪಾಗಲಾರದು.

5. ಎರಡು ಕಂತುಗಳ ವಿಮರ್ಶೆ

ಆಕರವಾಗಿ ಈ ಧಾರಾವಾಹಿಯ ಬೆಲೆಯೆಷ್ಟು ಎಂಬುದನ್ನು ನಿರ್ಣಯಿಸಲು ಎರಡು ಕಂತುಗಳನ್ನು ಎತ್ತಿಕೊಳ್ಳುತ್ತೇವೆ.

ಮೊದಲನೆಯದು 1978ರದು. ತಾನು ಗರ್ಭಿಣಿಯಾಗಿರಬಹುದೆಂಬ ಸಂದೇಹ ಮಾರ್ಗರೆಟ್‌ಗೆ ಬರುತ್ತದೆ. ಅದು ನಿಜವಾದರೆ ತನ್ನ ಸೈನ್ಯಜೀವನವೇ ಮುಗಿಯಿತೆಂದು ಆಕೆ ತಲ್ಲಣಿಸುತ್ತಾಳೆ. ಆ ಕಾಲದ ಪರೀಕ್ಷೆಗೆ ಮೊಲವೊಂದು ಬೇಕು, ಶಿಬಿರದ ಗುಮಾಸ್ತನು ಸಾಕಿದ ಮೊಲವನ್ನು ಕೊಲ್ಲದೆಯೇ ಪರೀಕ್ಷೆ ನಡೆಯುತ್ತದೆ, ಸಂದೇಹ ಸುಳ್ಳಾಗುತ್ತದೆ. ಇಲ್ಲಿ ಧಾರಾವಾಹಿ ಚರಿತ್ರೆಗೆ ನಿಷ್ಠವಾಗಿದೆ: 1951ರ ಆಜ್ಞೆಯ ಭಯ ಕೊರಿಯದ ದಾದಿಯರಿಗೆ ನಿಜವಾಗಿಯೂ ಇತ್ತು. ಆದರೆ ಕಂತು ಪ್ರಸಾರವಾಗುವ ಹೊತ್ತಿಗೆ, 1975ರ ರಕ್ಷಣಾ ಇಲಾಖೆಯ ಆದೇಶದಿಂದ ಆ ಕಡ್ಡಾಯ ಬಿಡುಗಡೆಯ ಪದ್ಧತಿ ನಿಂತುಹೋಗಿ ಮೂರು ವರ್ಷಗಳಾಗಿದ್ದವು. ನಿಯಮವು ಬದುಕಿದ್ದಾಗ, ಎಂದರೆ 1970ರ ಚಿತ್ರದಲ್ಲಿ, ಅದರ ಸುಳಿವೇ ಇಲ್ಲ. ನಿಯಮವು ಸತ್ತ ಮೇಲೆ ಅದು ಕಥೆಯಾಯಿತು. ಅನ್ಯಾಯವು ನಡೆಯುತ್ತಿರುವಾಗ ನಗುವುದು, ಕಳೆದ ಮೇಲೆ ಮರುಗುವುದು ಜನಪ್ರಿಯ ಕಥೆಗಳಲ್ಲಿ ಆಗಾಗ ಕಾಣುವ ಸ್ವಭಾವ. ಇತಿಹಾಸಕಾರನು ಈ ಅಂತರವನ್ನು ಅಳೆಯಬೇಕು.

ಎರಡನೆಯದು 1976ರ ‘ದಾದಿಯರು’ ಎಂಬ ಕಂತು. ಬ್ಲಡ್‌ವರ್ತ್ ಅವರೇ ಬರೆದದ್ದು. ನಿರ್ದೇಶಿಸಿದವರು ಜೋನ್ ಡಾರ್ಲಿಂಗ್ ಎಂಬ ಮಹಿಳೆ. ಬೇಕರ್ ಎಂಬ ದಾದಿಯೊಬ್ಬಳನ್ನು ಶಿಸ್ತು ಮೀರಿದ್ದಕ್ಕಾಗಿ ಮಾರ್ಗರೆಟ್ ಡೇರೆಯಲ್ಲಿ ನಿರ್ಬಂಧಿಸಿರುತ್ತಾಳೆ. ಆಗಲೇ ಬೇಕರಳ ಪತಿ ಒಂದು ದಿನದ ಬಿಡುವಿನಲ್ಲಿ ಬರುತ್ತಾನೆ. ಉಳಿದವರು ಗುಟ್ಟಾಗಿ ದಂಪತಿಗಳನ್ನು ಸೇರಿಸುತ್ತಾರೆ. ವಿಷಯ ತಿಳಿದ ಮಾರ್ಗರೆಟ್ ಕ್ರುದ್ಧಳಾಗುತ್ತಾಳೆ. ಆದರೆ ಕ್ರೋಧದ ಮಾತು ಮುಗಿಯುವಷ್ಟರಲ್ಲಿ ಅದು ದುಃಖದ ಮಾತಾಗಿರುತ್ತದೆ. ಒಂದೇ ಶಿಬಿರದಲ್ಲಿದ್ದೂ ಈ ದಾದಿಯರು ಒಮ್ಮೆಯಾದರೂ ತನ್ನನ್ನು ಕರೆದು ಒಂದು ಬಟ್ಟಲು ಕಾಫಿ ಕೊಟ್ಟವರಲ್ಲವೆಂಬ ನೋವನ್ನು ಆಕೆ ತೋಡಿಕೊಳ್ಳುತ್ತಾಳೆ.

ಇದು ಯಾವ ಕಡತದಲ್ಲಿಯೂ ದೊರೆಯದ ಸಾಕ್ಷ್ಯ. ಶಾಸನವು 1947ರಲ್ಲಿ ಪದವಿಯನ್ನು ಕೊಟ್ಟಿತು. ಆ ಪದವಿಯಿಂದಾಗಿ ಸ್ತ್ರೀಯು ಪುರುಷ ಅಧಿಕಾರಿಗಳಿಗೆ ಸಮಳೂ ಆಗಲಿಲ್ಲ, ತನ್ನ ಕೈಕೆಳಗಿನ ಸ್ತ್ರೀಯರಿಗೆ ಗೆಳತಿಯಾಗಿಯೂ ಉಳಿಯಲಿಲ್ಲವೆಂಬುದನ್ನು ಶಾಸನ ಬರೆದಿಡುವುದಿಲ್ಲ. 1976ರ ಅಮೆರಿಕದಲ್ಲಿ ಕಚೇರಿ, ಕಾಲೇಜು, ಆಸ್ಪತ್ರೆಗಳಲ್ಲಿ ಮೇಲಿನ ಹುದ್ದೆಗಳಿಗೆ ಆಗತಾನೆ ಏರುತ್ತಿದ್ದ ಅನೇಕ ಸ್ತ್ರೀಯರು ಈ ಒಂಟಿತನವನ್ನು ಬಲ್ಲವರಾಗಿದ್ದರು. ಕೊರಿಯದ ಡೇರೆಯಲ್ಲಿ ಆಡಿದ ಮಾತು ಅವರ ಕಾಲದ ಮಾತು.

6. ಹೆಸರಿಲ್ಲದವರು

ಹಾಗೆಂದು ಈ ಧಾರಾವಾಹಿಯನ್ನು ದಾದಿಯರ ಪಾಲಿನ ನ್ಯಾಯಪೀಠವೆಂದು ಹೊಗಳಬೇಕಾಗಿಲ್ಲ. ಆಸ್ಪತ್ರೆಯಲ್ಲಿ ಮಾರ್ಗರೆಟ್ ಒಬ್ಬಳೇ ದಾದಿಯಲ್ಲ. ಉಳಿದವರ ಗತಿಯೇನು? ಅವರಲ್ಲಿ ಹಲವರಿಗೆ ‘ಏಬಲ್’, ‘ಬೇಕರ್’ ಎಂಬ ಹೆಸರುಗಳಿವೆ. ಇವು ನಿಜವಾಗಿ ಹೆಸರುಗಳೇ ಅಲ್ಲ. ತಂತಿರಹಿತ ಸಂದೇಶಗಳಲ್ಲಿ ಎ, ಬಿ ಎಂಬ ಅಕ್ಷರಗಳನ್ನು ಸ್ಪಷ್ಟವಾಗಿ ಹೇಳಲು ಆ ಕಾಲದ ಅಮೆರಿಕದ ಸೈನ್ಯ ಬಳಸುತ್ತಿದ್ದ ಸಂಕೇತಪದಗಳು. ಒಂದೇ ಹೆಸರಿನ ದಾದಿಯಾಗಿ ಬೇರೆ ಬೇರೆ ಕಂತುಗಳಲ್ಲಿ ಬೇರೆ ಬೇರೆ ನಟಿಯರು ಕಾಣಿಸಿಕೊಂಡರು. ಒಬ್ಬ ದಾದಿಯ ಸ್ಥಾನದಲ್ಲಿ ಇನ್ನೊಬ್ಬಳನ್ನು ನಿಲ್ಲಿಸಿದರೆ ಪ್ರೇಕ್ಷಕನು ಗಮನಿಸಲಾರನೆಂಬ ಭರವಸೆ ನಿರ್ಮಾಪಕರಿಗಿತ್ತೆಂದೇ ಇದರ ಅರ್ಥ.

ಇದಕ್ಕೆ ಒಂದು ಅಪವಾದವುಂಟು. ಹವಾಯಿ ದ್ವೀಪದ ಕೆಲ್ಲಿ ನಾಕಹಾರಾ ಎಂಬ ನಟಿ ವರ್ಷಗಟ್ಟಲೆ ಹಿನ್ನೆಲೆಯ ದಾದಿಯಾಗಿ ಕಾಣಿಸಿಕೊಂಡು, ಕೊನೆಗೆ ತನ್ನ ಹೆಸರನ್ನೇ ಪಾತ್ರಕ್ಕೂ ಪಡೆದರು. 1982ರ ಒಂದು ಕಂತಿನಲ್ಲಿ, ಇಷ್ಟು ವರ್ಷ ತನ್ನನ್ನು ನೋಡಿಯೂ ನೋಡದಂತಿದ್ದ ನಾಯಕ ವೈದ್ಯನನ್ನು ಈ ದಾದಿ ನೇರವಾಗಿ ಪ್ರಶ್ನಿಸುತ್ತಾಳೆ. ಸಾಯುತ್ತಿರುವ ಸೈನಿಕನೊಬ್ಬನ ಬಳಿ ಕುಳಿತು ಆಕೆ ಸಂತೈಸುವುದನ್ನು ಆತ ಮರೆಯಲ್ಲಿ ನಿಂತು ಕಾಣುತ್ತಾನೆ. ಧಾರಾವಾಹಿಯ ಹತ್ತು ವರ್ಷಗಳು ಕಳೆದ ಮೇಲೆ ಬಂದ ಈ ಕಂತು, ಅಷ್ಟು ಕಾಲ ಕಾಣದೆ ಉಳಿದುದೆಷ್ಟು ಎಂಬುದಕ್ಕೂ ಸಾಕ್ಷಿಯಾಗಿದೆ.

7. ನಮ್ಮ ದೇಶದ ಸಂಬಂಧ

ಕೊರಿಯ ಯುದ್ಧವು ನಮಗೆ ಪರರ ಕಥೆಯಲ್ಲ. ಭಾರತವು ಅಲ್ಲಿಗೆ ಕಾದಾಡುವ ಪಡೆಯನ್ನು ಕಳುಹಿಸದೆ ವೈದ್ಯಕೀಯ ಪಡೆಯನ್ನು ಕಳುಹಿಸಿತು. ಲೆಫ್ಟಿನೆಂಟ್ ಕರ್ನಲ್ ಎ. ಜಿ. ರಂಗರಾಜ್ ಅವರ ನೇತೃತ್ವದ 60ನೆಯ ಪ್ಯಾರಾಚೂಟ್ ಫೀಲ್ಡ್ ಆಂಬ್ಯುಲೆನ್ಸ್ 1950ರ ನವೆಂಬರ್‌ನಲ್ಲಿ ಪೂಸಾನನ್ನು ಸೇರಿತು. ಯುದ್ಧವು 1953ರ ಜುಲೈ 27ರಂದು ನಿಂತ ಮೇಲೆ ಯುದ್ಧಕೈದಿಗಳ ಹಸ್ತಾಂತರಕ್ಕಾಗಿ ನೇಮಿಸಿದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ಕೊಡಗಿನ ಜನರಲ್ ಕೆ. ಎಸ್. ತಿಮ್ಮಯ್ಯನವರು.

ಸೇನಾ ದಾದಿಯರ ಪದವಿಯ ಪ್ರಶ್ನೆಯೂ ನಮ್ಮಲ್ಲಿ ಇದ್ದೇ ಇದೆ. ಭಾರತೀಯ ಸೇನಾ ಶುಶ್ರೂಷಾ ಸೇವೆ 1926ರಲ್ಲಿ ರೂಪುಗೊಂಡಿತು. 1943ರ ಸುಗ್ರೀವಾಜ್ಞೆಯು ಅದರ ಸದಸ್ಯೆಯರಿಗೆ ಅಧಿಕಾರಿಗಳ ಸ್ಥಾನವನ್ನು ಕೊಟ್ಟಿತು. 1976ರಲ್ಲಿ ಗರ್ಟ್ರೂಡ್ ಆಲಿಸ್ ರಾಮ್ ಅವರು ಮೇಜರ್ ಜನರಲ್ ಪದವಿಗೇರಿ, ಭಾರತೀಯ ಸೈನ್ಯದಲ್ಲಿ ಆ ಪದವಿಯನ್ನು ಪಡೆದ ಮೊದಲ ಸ್ತ್ರೀಯಾದರು. ಅಮೆರಿಕದಲ್ಲಾಗಲಿ ಭಾರತದಲ್ಲಾಗಲಿ ಸೈನ್ಯದ ಮೊದಲ ಸ್ತ್ರೀ ಜನರಲ್ ದಾದಿಯೇ ಆಗಿದ್ದುದು ಆಕಸ್ಮಿಕವಲ್ಲ. ಸೈನ್ಯವು ಸ್ತ್ರೀಯರಿಗೆ ಮೊದಲು ತೆರೆದ ಬಾಗಿಲು ಶುಶ್ರೂಷೆಯದೇ. ಆದರೆ ಪದವಿಯ ಚರಿತ್ರೆಯೊಂದೇ ಸಾಲದು. ವಿವಾಹವಾದಳೆಂಬ ಕಾರಣಕ್ಕಾಗಿ 1988ರಲ್ಲಿ ಈ ಸೇವೆಯಿಂದ ಬಿಡುಗಡೆಯಾದ ಅಧಿಕಾರಿಯೊಬ್ಬರ ಮೊಕದ್ದಮೆಯಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ಆ ನಿಯಮವನ್ನು ನಿರಂಕುಶವೆಂದು ಸಾರಿ, 60 ಲಕ್ಷ ರೂಪಾಯಿಗಳ ಪರಿಹಾರವನ್ನು ವಿಧಿಸಿದ್ದು 2024ರ ಫೆಬ್ರವರಿಯಲ್ಲಿ. ನಿಯಮವು ಅದಕ್ಕೂ ಮೊದಲೇ, 1995ರಲ್ಲಿ, ರದ್ದಾಗಿತ್ತು. ಅದರಿಂದ ನಷ್ಟಹೊಂದಿದ ಒಬ್ಬಾಕೆಗೆ ನ್ಯಾಯ ಮುಟ್ಟಲು 36 ವರ್ಷ ಹಿಡಿಯಿತು. ಮೊಲದ ಪರೀಕ್ಷೆಯ ಫಲಕ್ಕಾಗಿ ಕಾದು ಕುಳಿತ ಕಲ್ಪಿತ ಮೇಜರಳ ತಲ್ಲಣವನ್ನು ಪರದೇಶದ ವಿನೋದವೆಂದು ತಳ್ಳಿಹಾಕುವುದು ನಮಗೆ ಸಾಧ್ಯವಿಲ್ಲ.

8. ಉಪಸಂಹಾರ

ಮೇಲಣ ವಿವೇಚನೆಯಿಂದ ಮೂರು ನಿರ್ಣಯಗಳು ಫಲಿಸುತ್ತವೆ. ಮೊದಲನೆಯದಾಗಿ, ‘ಮ್ಯಾಶ್’ ಧಾರಾವಾಹಿಯನ್ನು ಕೊರಿಯ ಯುದ್ಧದ ಚರಿತ್ರೆಯೆಂದು ಓದುವುದು ಸಲ್ಲದು. ಮೂರು ವರ್ಷದ ಯುದ್ಧವನ್ನು ಹನ್ನೊಂದು ವರ್ಷ ನಡೆಯಿಸಿದ ಕಥೆ ಅದು. ಎರಡನೆಯದಾಗಿ, 1970 ಮತ್ತು 1983ರ ನಡುವಣ ಅಮೆರಿಕದ ಸಮಾಜಕ್ಕೆ ಅದು ಮೊದಲ ದರ್ಜೆಯ ಆಕರ. ಏಕೆಂದರೆ ಒಂದೇ ಪಾತ್ರವು ಒಂದೇ ಯುದ್ಧದಲ್ಲಿ, ಒಂದೇ ಡೇರೆಯಲ್ಲಿ ಇದ್ದುಕೊಂಡೇ ಬೇರೆ ವ್ಯಕ್ತಿಯಾದಳು. ಕಥೆಯೊಳಗಿನ ಕಾಲ ನಿಂತಿದ್ದುದರಿಂದ ಹೊರಗಿನ ಕಾಲದ ಚಲನೆ ನಮಗೆ ಸ್ಪಷ್ಟವಾಗಿ ಕಾಣುತ್ತದೆ. ಮೂರನೆಯದಾಗಿ, ಈ ಚಲನೆಯಲ್ಲಿ ಕಥೆ ಮುಂದಾಳಾಗಿರಲಿಲ್ಲ. 1947ರಲ್ಲಿ ಶಾಸನವು ಒಪ್ಪಿದ ಪದವಿಯನ್ನು ಕಾದಂಬರಿ 1968ರಲ್ಲಿಯೂ ಚಲನಚಿತ್ರ 1970ರಲ್ಲಿಯೂ ಒಪ್ಪಲಿಲ್ಲ. ಧಾರಾವಾಹಿ ಒಪ್ಪಿಕೊಳ್ಳಲು ಮತ್ತೆ ಹತ್ತು ವರ್ಷಗಳು ಬೇಕಾದವು. ಸರ್ಕಾರವು ಕೊಟ್ಟ ಗೌರವ ಜನರ ನಗೆಯನ್ನು ದಾಟಿ ಜನರ ಮನಸ್ಸನ್ನು ಮುಟ್ಟಲು ಒಂದು ತಲೆಮಾರಿನ ಕಾಲ ಹಿಡಿಯಿತೆಂಬುದು ಇದರ ತಾತ್ಪರ್ಯ.

ದಾದಿಯರು ನಮ್ಮ ನಾಟಕ, ಚಲನಚಿತ್ರ, ಧಾರಾವಾಹಿಗಳಲ್ಲಿಯೂ ಬಂದುಹೋಗುತ್ತಾರೆ. ಬಹುಮಟ್ಟಿಗೆ ಹೆಸರಿಲ್ಲದೆ, ವೈದ್ಯರ ಹಿಂದೆ. ಅವರನ್ನು ಯಾವ ದಶಕದಲ್ಲಿ ಏನೆಂದು ಕರೆದರು, ಯಾವಾಗ ನಕ್ಕರು, ಯಾವಾಗ ನಗುವುದನ್ನು ಬಿಟ್ಟರು ಎಂಬುದನ್ನು ಆಸ್ಪತ್ರೆಗಳ ಕಡತಗಳ ಜೊತೆಯಲ್ಲಿಟ್ಟು ನೋಡುವ ಕೆಲಸ ನಮ್ಮ ಕಾಲೇಜುಗಳ ವಿದ್ಯಾರ್ಥಿಗಳ ಕೈಗೆ ನಿಲುಕದ್ದೇನಲ್ಲ. ಆ ಕೆಲಸವನ್ನು ಕೈಗೊಳ್ಳುವವರು ಮೊದಲು ಪಾತ್ರದ ಹೆಸರನ್ನು ಗಮನಿಸಲಿ. ಪಾತ್ರಕ್ಕೆ ಹೆಸರೇ ಇಲ್ಲದಿದ್ದರೆ, ಅದನ್ನೂ ಒಂದು ಸಾಕ್ಷ್ಯವೆಂದು ಬರೆದಿಟ್ಟುಕೊಳ್ಳಲಿ.